ಮಗ್ಗದ ಮಗ್ಗುಲಲ್ಲೊಂದು ಈಜಿಚೇರು

ಕಲ್ಯಾಣದುರ್ಗದ ಬೀಗರ ಮನೆಯಲ್ಲಿ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರ ಮುಗಿದು ಊಟಕ್ಕೆ ಎಲೆ ಹಾಕಿದ ಹೊತ್ತಿಗೆ ಸರಿಯಾಗಿ, ಹಿಂದೂಪುರದ ನೇಕಾರರ ಬೀದಿಯ ಬನಶಂಕರಮ್ಮ ಈಜಿಚೇರಿನಲ್ಲಿ ಸಿಕ್ಕಿಹಾಕಿಕೊಂಡಳು.

ಅದರಲ್ಲಿ ಕೂತದ್ದು ಅವಳ ತಪ್ಪಲ್ಲ. ಬೀಗ ಸಂಜೀವಪ್ಪನದು ಬಟ್ಟೆ ಅಂಗಡಿ. ಗಿರಾಕಿಗಳನ್ನು ಕೂರಿಸಿ ಕೂರಿಸಿ ಉಪಚಾರ ಅವನ ಮೈಗೆ ಹತ್ತಿಬಿಟ್ಟಿತ್ತು. ನಡುಮನೆಯ ಮಂಚ, ಬೆಂಚು, ಚಾಪೆಗಳೆಲ್ಲ ನೆಂಟರಿಂದ ತುಂಬಿಹೋಗಿದ್ದವು. ಅವನು ತನ್ನ ಸ್ವಂತ ಈಜಿಚೇರನ್ನೇ ಟವಲಿನಿಂದ ಝಾಡಿಸಿ, "ಇಲ್ಲಿ ಕೂತ್ಕಳಿ ಅಕ್ಕಯ್ಯ. ಹೆಣ್ಣು ಕೊಟ್ಟೋರು ನೆಲದ ಮೇಲೆ ಕೂತ್ರೆ ನಾಳೆ ಬಜಾರಿನಾಗೆ ನಾನು ತಲೆ ಎತ್ಕಂಡು ತಿರುಗಾಡಂಗಿಲ್ಲ" ಅಂದ. ಬನಶಂಕರಮ್ಮ ಬೆಂಚಿನ ಮೇಲೆ ಕೂರುವವಳಂತೆ ಅಂಚಿನಲ್ಲಿ ಕೂತಳು. ಆದರೆ ಈಜಿಚೇರಿಗೆ ಅಂಚು ಎಂಬುದೇ ಇಲ್ಲ. ಬಟ್ಟೆ ಅವಳನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡು, ನೆಲಕ್ಕೆ ನಾಲ್ಕು ಬೆರಳು ಮೇಲೆ ತಂದು ನಿಲ್ಲಿಸಿತು. ಮೊಣಕಾಲು ಗಲ್ಲದ ಹತ್ತಿರ ಬಂತು. ಹಾಗೆಯೇ ಒಂದು ಗಂಟೆ ಹೊತ್ತು, ತಾಂಬೂಲದ ತಟ್ಟೆ ಹಿಡಿದುಕೊಂಡು, ಬಂದವರಿಗೆಲ್ಲ ನಗುತ್ತಾ ಕೂತಿದ್ದಳು.

"ಎಲೆ ಹಾಕೈತೆ, ಏಳ್ರಮ್ಮ" ಎಂದು ಕೂಗು ಬಂದಾಗ ತೊಂದರೆ ಶುರುವಾಯಿತು. ಒಂದು ಸಲ ಎದ್ದಳು, ಅಂದರೆ ಏಳಬೇಕೆಂದುಕೊಂಡಳು. ಎರಡನೆಯ ಸಲ ಉಸಿರು ಬಿಗಿಹಿಡಿದಳು. ಮೂರನೆಯ ಸಲ ಕುರ್ಚಿಯ ತೋಳುಗಳನ್ನು ಬಲವಾಗಿ ಅದುಮಿದಾಗ ಹಿಂದಿನ ಅಡ್ಡಕೋಲು ಮೊದಲ ಕಚ್ಚಿನಿಂದ ಜಿಗಿದು ಕೊನೆಯ ಕಚ್ಚಿಗೆ ಹೋಗಿ ಬಿತ್ತು. ಬನಶಂಕರಮ್ಮ ಅಂಗಾತವಾದಳು. ಎರಡು ಕೈ ಗಾಳಿಯಲ್ಲಿ ಬಡಿಯುತ್ತಿದ್ದವು. ಈಜಿಚೇರು ಎಂಬ ಹೆಸರನ್ನು ಇಂಗ್ಲಿಷಿನವರು ಯಾವ ಅರ್ಥದಲ್ಲಿ ಇಟ್ಟರೋ, ಆ ಗಳಿಗೆಯಲ್ಲಿ ಅದು ಅಚ್ಚಕನ್ನಡವಾಗಿತ್ತು. ಈಜಿಯೇ ದಡ ಸೇರಬೇಕಾಗಿತ್ತು. ಮಗಳು ಸಣ್ಣಕ್ಕ ಒಂದು ಕೈ, ಬೀಗಿತ್ತಿ ಇನ್ನೊಂದು ಕೈ ಹಿಡಿದು ಎಳೆದರು. ಸಂಜೀವಪ್ಪ ಮಾತ್ರ ಮರ್ಯಾದಸ್ಥ. ಅಷ್ಟು ಹೊತ್ತೂ ಸೂರಿನ ಕಡೆ ಮುಖ ಮಾಡಿ, ಯಾವ ಹೆಂಚು ಒಡೆದಿದೆ ಎಂದು ಹುಡುಕುತ್ತಿದ್ದ.

ಇದು ಐವತ್ತೆಂಟನೆಯ ಇಸವಿಯ ಬೇಸಿಗೆಯ ಮಾತು.

ಹಿಂದೂಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಗಂಡ ಓಬಳೇಶಪ್ಪ ಸಮಾಧಾನದ ಮಾತು ಹೊಂದಿಸಿಕೊಂಡು ಕೂತಿದ್ದ. ಊರು ದಾಟಿದ ಮೇಲೆ ಬಾಯಿಬಿಟ್ಟ.

"ಹೋಗ್ಲಿ ಬಿಡು. ಯಾರೂ ಅಷ್ಟಾಗಿ ನೋಡ್ಲಿಲ್ಲ."

"ಎಲ್ಲಾರೂ ನೋಡಿದ್ರು. ನೀವೂ ನಕ್ರಿ."

"ನಾನು ಕೆಮ್ಮಿದ್ದು."

"ಕೆಮ್ಮಿದ್ರೆ ಕಣ್ಣಾಗೆ ನೀರು ಬತ್ತದಾ?"

ಓಬಳೇಶಪ್ಪ ಕಿಟಕಿಯಾಚೆಯ ಕಲ್ಲುಗುಂಡುಗಳನ್ನು ನೋಡಿದ. ಆ ಕಡೆ ಗುಂಡುಗಳಿಗೇನು ಕಡಿಮೆಯಿಲ್ಲ. ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಅಷ್ಟರಲ್ಲಿ ಹೆಂಡತಿ ಸೆರಗು ಸರಿಮಾಡಿಕೊಂಡು ಹೇಳಿದಳು: "ನಮ್ಮನೇಗೂ ಅಂಥದ್ದೊಂದು ತರಾಣ."

ಮಾನ ಹೋದ ಜಾಗಕ್ಕೆ ಯಾರೂ ಎರಡನೆಯ ಸಲ ಹೋಗುವುದಿಲ್ಲ ಎಂಬುದು ಓಬಳೇಶಪ್ಪನ ತಿಳಿವಳಿಕೆ. ಹೆಂಡತಿ ಆ ಜಾಗವನ್ನೇ ಮನೆಗೆ ಹೊತ್ತು ತರುತ್ತೇನೆ ಅನ್ನುತ್ತಿದ್ದಳು. ಅವನಿಗೆ ಗೊತ್ತಿಲ್ಲದ್ದು ಒಂದೇ. ಆ ಒಂದು ಗಂಟೆ ಹೊತ್ತು, ಮೊಣಕಾಲು ಎಲ್ಲೇ ಇದ್ದಿರಲಿ, ಬನಶಂಕರಮ್ಮನ ಬೆನ್ನು ಒಂದು ಕಡೆ ಒರಗಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ.

ಅವಳು ಸೆಟ್ಟೂರು ಕಡೆಯ ಹುಡುಗಿ. ಹದಿಮೂರಕ್ಕೆ ಮದುವೆಯಾಗಿ ಬಂದಾಗ ಮಾವ ತೋರಿಸಿದ ಜಾಗ ರಾಟೆಯ ಹಿಂದಿನದು. ಮಗ್ಗದಲ್ಲಿ ಗಂಡ ಲಾಳಿ ಓಡಿಸಬೇಕಾದರೆ ಲಾಳಿಯೊಳಗೆ ನೂಲಿನ ಕಂಡಿಕೆ ಇರಬೇಕು. ಕಂಡಿಕೆ ಸುತ್ತುವುದು ಹೆಂಗಸರ ಕೆಲಸ. ನೆಲದ ಮೇಲೆ ಒಂದು ಕಾಲು ಮಡಿಚಿ, ಬಲಗೈಯಲ್ಲಿ ರಾಟೆ ತಿರುಗಿಸುತ್ತಾ, ಎಡಗೈಯಲ್ಲಿ ಎಳೆ ಹಿಡಿದು, ದಿನಕ್ಕೆ ಹತ್ತು ಗಂಟೆ. ಬೆನ್ನಿಗೆ ಆಸರೆ ಇಲ್ಲ. ಮಾವನ ಎದುರಿಗೆ ಸೊಸೆ ಗೋಡೆಗೆ ಒರಗುವಂತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಒರಗಲು ಗೋಡೆಯೇ ಇರಲಿಲ್ಲ. ಒಂಬತ್ತು ಮೊಳ ಉದ್ದ, ಆರು ಮೊಳ ಅಗಲದ ನಡುಮನೆ. ಒಂದು ಗೋಡೆ ಮಗ್ಗದ್ದು, ಮುಂದೆ ಅದರ ಕುಣಿ. ಗಂಡ ಕುಣಿಯ ದಡದಲ್ಲಿ ಕೂತು ಕಾಲು ಇಳಿಬಿಟ್ಟು ನೇಯುತ್ತಾನೆ. ಎದುರು ಗೋಡೆ ನೂಲಿನ ಹೊರೆಗಳದ್ದು. ಮೂರನೆಯದು ದೇವರ ಗೂಡು ಮತ್ತು ಬಂದವರು ಕೂರುವ ಮಂಚದ್ದು. ನಾಲ್ಕನೆಯದು ಬಾಗಿಲು, ಕಿಟಕಿ, ನೀರಿನ ಕೊಡಗಳದ್ದು. ಗಂಡನಿಗೆ ಕುಣಿ, ನೆಂಟರಿಗೆ ಮಂಚ, ದೇವರಿಗೆ ಗೂಡು. ಬನಶಂಕರಮ್ಮನ ಜಾಗ ಯಾವುದು ಎಂದು ಕೇಳಿದರೆ, ಯಾರೂ ಕೂರದೆ ಉಳಿದದ್ದು ಎನ್ನಬೇಕಾಗಿತ್ತು.

"ಕುರ್ಚಿ ಎಲ್ಲಿ ಇಡ್ತೀಯ?" ಎಂದ ಓಬಳೇಶಪ್ಪ.

"ಜಾಗ ಮಾಡ್ತೀನಿ."

ಎರಡು ವರ್ಷದ ಕೆಳಗಷ್ಟೇ ದೊಡ್ಡವರು ನಕಾಶೆ ಹರಡಿಕೊಂಡು ಪ್ರಾಂತ್ಯಗಳಿಗೆಲ್ಲ ಹೊಸ ಗಡಿ ಹಾಕಿದ್ದರು. ಅಷ್ಟು ದೊಡ್ಡ ದೇಶದಲ್ಲಿ ಗೆರೆ ಎಳೆಯಲು ಬಂದರೆ ಒಂಬತ್ತು ಮೊಳದ ನಡುಮನೆಯಲ್ಲಿ ಎಳೆಯಲು ಬಾರದೆ? ಬನಶಂಕರಮ್ಮ ಮುಂದಿನ ಅಮಾವಾಸ್ಯೆ ಗೊತ್ತುಮಾಡಿದಳು. ಅಮಾವಾಸ್ಯೆಯ ದಿನ ನೇಕಾರರ ಬೀದಿಯಲ್ಲಿ ಮಗ್ಗ ಆಡುವುದಿಲ್ಲ. ಅಳತೆಗೆ ಕೈಗಳೂ ಸಿಗುತ್ತವೆ, ಮನಸ್ಸೂ ಸಿಗುತ್ತದೆ.

ಪಕ್ಕದ ಮನೆಯ ರಾಮಕ್ಕನನ್ನು ಕರೆದಳು. ರಾಮಕ್ಕನದೂ ನೇಕಾರರ ಮನೆಯೇ, ಅವಳದೂ ರಾಟೆಯ ಬೆನ್ನೇ. ಹಿಂದಿನ ಸಂಜೆ ಮಗ್ಗದ ಮೇಲಿನ ಸೀರೆಗಳೆಲ್ಲ ಮುಗಿದು, ಉದ್ದೆಳೆಗಳ ಹಾಸು ಬರಿದಾಗಿ, ಹೊಸ ಹಾಸಿನ ಉಂಡೆ ತೊಲೆಗೆ ನೇತಾಡುತ್ತಿತ್ತು. ನಡುಮನೆ ಬಯಲಿನಂತೆ ಕಾಣುತ್ತಿತ್ತು.

"ಅಯ್ಯೋ, ಎಷ್ಟು ಜಾಗ ಐತೆ ಕಣಕ್ಕ. ಇಲ್ಲಿ ಎತ್ತಿನಗಾಡಿ ನಿಲ್ಲಿಸ್ಬೋದು" ಅಂದಳು ರಾಮಕ್ಕ.

"ಗಾಡಿ ಬ್ಯಾಡ, ಕುರ್ಚಿ ಸಾಕು."

ಒಂದು ಕೆಂಪು ನೂಲು ತೆಗೆದು, ಅದರ ಒಂದು ತುದಿಯನ್ನು ಎದುರು ಗೋಡೆಯ ಹತ್ತಿರ ಓಬಳೇಶಪ್ಪನ ಕೈಗೆ ಕೊಟ್ಟು, ಇನ್ನೊಂದನ್ನು ಮಗ್ಗದ ಕಂಬದ ತನಕ ತಾನೇ ಎಳೆದುಕೊಂಡು ಹೋದಳು. ಓಡಾಡಲು ಒಂದು ಮೊಳ ಬಿಟ್ಟು ಗಂಟು ಹಾಕಿದಳು. ಅಗಲಕ್ಕೆ ಇನ್ನೊಂದು ಗಂಟು. ಗಂಡ ಬಗ್ಗಿ ತುದಿ ಒತ್ತಿಹಿಡಿದ; ರಾಮಕ್ಕ ನಡುವೆ ಜೋಲು ಬಿದ್ದಿದೆಯೇ ಎಂದು ಕಣ್ಣು ಕಿರಿದುಮಾಡಿ ನೋಡಿದಳು. ಮೂವರೂ ಹುಟ್ಟಿದಂದಿನಿಂದ ನೂಲಿನ ನಡುವೆ ಬೆಳೆದವರು, ಒಂದು ಎಳೆ ಹೆಚ್ಚುಕಡಿಮೆಯಾದರೆ ಬೆರಳ ತುದಿಯಲ್ಲೇ ಹೇಳುವವರು. ಅಳತೆ ಮುಗಿಸಿ ಮೂವರೂ ಒಪ್ಪಿದರು. ಆ ಮೂವರಿಗೂ ಹೊಳೆಯದೆ ಹೋದದ್ದೇನು ಎಂಬುದು ಆಮೇಲೆ ಬರುತ್ತದೆ.

ಗಂಟು ಹಾಕಿದ ನೂಲು ಬನಶಂಕರಮ್ಮನ ಎಲೆಯಡಿಕೆ ಚೀಲಕ್ಕೆ ಸೇರಿತು. ದುಡ್ಡಿನ ವಿಷಯದಲ್ಲಿ ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಬೇರೆ ಮನೆಗಳಿಗೆ ಸುತ್ತಿಕೊಟ್ಟ ಕಂಡಿಕೆಯ ಕೂಲಿ ಅವಳದೇ.

ಸ್ಟೇಷನ್ ರಸ್ತೆಯ ಶ್ರೀರಾಮುಲುವಿನ ಮರದ ಸಾಮಾನಿನ ಅಂಗಡಿಗೆ ಅವಳು ಮೊದಲ ಸಲ ಹೋದಾಗ ಅವನು ಎದ್ದು ನಿಂತು ತೆಲುಗಿನಲ್ಲಿ ಸ್ವಾಗತಿಸಿದ. "ರಂಡಮ್ಮಾ, ರಂಡಿ. ಪಡಕ ಕುರ್ಚೀನಾ? ಇದು ನೋಡಿ, ದೊರೆಗಳು ಕೂತಿದ್ದ ಮಾದರಿ." ತೆಲುಗಿನವರು ಈಜಿಚೇರಿಗೆ ಪಡಕ ಕುರ್ಚಿ ಅನ್ನುತ್ತಾರೆ. ಮಲಗುವ ಕುರ್ಚಿ ಎಂದು ನೇರವಾಗಿ ಒಪ್ಪಿಕೊಂಡುಬಿಡುತ್ತಾರೆ. ಅವನು ತೋರಿಸಿದ ಕುರ್ಚಿಯ ತೋಳುಗಳು ಮುಂದಕ್ಕೆ ಚಾಚಿಕೊಂಡು ದೋಣಿಯ ಹುಟ್ಟಿನಷ್ಟು ಉದ್ದವಾಗಿದ್ದವು. ದೊರೆಗಳು ಕಾಲನ್ನು ಅದರ ಮೇಲೆ ಎತ್ತಿ ಇಟ್ಟುಕೊಳ್ಳುತ್ತಿದ್ದರು ಎಂದು ಶ್ರೀರಾಮುಲು ವಿವರಿಸಿದ.

ಬನಶಂಕರಮ್ಮ ನೂಲು ತೆಗೆದು ಹಿಡಿದಳು. ತೋಳು ಗಂಟನ್ನು ದಾಟಿ ಒಂದು ಮೊಳ ಮುಂದೆ ಹೋಗಿತ್ತು.

"ದೊರೆಗಳ ಕಾಲು ನಮ್ಮ ಮಗ್ಗದ ಕುಣಿಯಾಗೆ ಇಳೀತದೆ" ಅಂದಳು. "ಬ್ಯಾರೆ ತೋರ್ಸಪ್ಪ."

ಎರಡನೆಯದು ಬೆತ್ತದ್ದು. ನೂಲಿಗೆ ಸರಿಹೊಂದಿತು. ಶ್ರೀರಾಮುಲು ಕೈ ಉಜ್ಜಿಕೊಂಡ. ಆದರೆ ಅವಳು ಬೆತ್ತದ ಮೇಲೆ ಅಂಗೈಯನ್ನು ಒಂದು ಸಲ ಹಾಯಿಸಿ, "ಸೀಳು ಬಿಟ್ಟೈತೆ. ಸೀರೆಗೆ ಸಿಕ್ಕಿ ಎಳೆ ಕೀಳ್ತದೆ. ನೇಯೋನಿಗೆ ಗೊತ್ತು ಒಂದು ಎಳೆ ಸೇರ್ಸೋ ಕಷ್ಟ" ಎಂದು ಹೊರಟುಬಿಟ್ಟಳು. ಎರಡನೆಯ ಸಲ ಹೋದಾಗ ಅವನು ಕಲ್ಯಾಣದುರ್ಗದ ಬೀಗರದಂಥದ್ದೇ ಬಟ್ಟೆ ಕುರ್ಚಿ ಹೊರತೆಗೆದ. ಅವಳು ಅದನ್ನು ಹಳೆಯ ಶತ್ರುವನ್ನು ನೋಡುವಂತೆ ನೋಡಿದಳು.

"ನೀನು ಕೂತ್ಕ."

"ನಾನಾ? ನೇನೆಂದುಕಮ್ಮಾ, ನಾನ್ಯಾಕೆ?"

"ನಾನು ಕೂತಿದ್ದಾಯ್ತು ಒಂದ್ಸಲ. ಈಗ ನೀನು ಕೂತ್ಕ."

ಶ್ರೀರಾಮುಲು ಕೂತ. ಬಟ್ಟೆ ಅವನನ್ನೂ ಒಳಕ್ಕೆ ಎಳೆದುಕೊಂಡಿತು.

"ಈಗ ತೋಳು ಹಿಡಿದೇ ಏಳು."

ಮೂವತ್ತೈದರ ಗಂಡಸು, ಒಂದು ಸಲ ಹಿಂದೆ ಮುಂದೆ ತೂಗಿದ. ಇನ್ನೊಂದು ಸಲ ತೂಗಿದ. ಅಂಗಡಿಗೆ ಬಂದಿದ್ದ ಇನ್ನಿಬ್ಬರು ಗಿರಾಕಿಗಳು ತಮ್ಮ ವ್ಯಾಪಾರ ನಿಲ್ಲಿಸಿ ನೋಡತೊಡಗಿದರು. ಕೊನೆಗೆ ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಹೊರಬಂದ.

"ನಿನ್ನ ಕೈಲೇ ಆಗ್ದಿದ್ದು ನನ್ನ ಕೈಲಾಯ್ತದಾ? ಮಡಿಚಿಡಪ್ಪ" ಅಂದಳು ಬನಶಂಕರಮ್ಮ, ಯಾವ ಕೋಪವೂ ಇಲ್ಲದೆ.

ಆಮೇಲಾಮೇಲೆ ಅವಳು ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಶ್ರೀರಾಮುಲು ಲೆಕ್ಕದ ಪುಸ್ತಕ ತೆಗೆದುಕೊಂಡು ಒಳಗಿನ ಕೋಣೆಗೆ ಹೋಗುತ್ತಿದ್ದ. ಅವಳು ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದಳು. ನಲವತ್ತು ವರ್ಷ ಬೆನ್ನಿಗೆ ಆಸರೆಯಿಲ್ಲದೆ ಕೂತವಳ ಮುಂದೆ ಕಾಯುವ ಪಂದ್ಯ ಕಟ್ಟಬಾರದು. ಮೂರನೆಯ ಸಲ ಅವನು ಸೋತು, ಅಟ್ಟದ ಮೇಲಿಂದ ಧೂಳು ಹಿಡಿದ ಒಂದು ಕುರ್ಚಿ ಇಳಿಸಿದ. ಯಾರೋ ಕುಳ್ಳನೆಯ ಗುಮಾಸ್ತರು ತಮ್ಮ ಅಳತೆಗೆ ಮಾಡಿಸಿ, ಒಯ್ಯುವ ಮೊದಲೇ ವರ್ಗವಾಗಿ ಹೋಗಿದ್ದರಂತೆ. ಮರದ ಚೌಕಟ್ಟು, ಗಿಡ್ಡ ತೋಳು, ಮೂರು ಕಚ್ಚು, ಹಸಿರು ಪಟ್ಟೆಯ ದಪ್ಪ ಬಟ್ಟೆ. ಅವಳು ನೂಲು ಹಿಡಿದಳು. ಪೂರ್ತಿ ಚಾಚಿದಾಗಲೂ ಗಂಟಿಗೆ ಎರಡು ಬೆರಳು ಇತ್ತ ನಿಂತಿತು. ಬಟ್ಟೆಯ ಅಂಚಿನಿಂದ ಒಂದು ಎಳೆ ಬಿಡಿಸಿ, ಹಲ್ಲಿಗೆ ಸಿಕ್ಕಿಸಿ ಜಗ್ಗಿ ನೋಡಿದಳು. "ನೇಯ್ಗೆ ಒರಟು. ಆದ್ರೆ ಎಳೆ ಗಟ್ಟಿ ಐತೆ" ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಕೂತಳು.

ಪಾದ ನೆಲಕ್ಕೆ ತಾಗಿತು. ಬೆನ್ನು ಒರಗಿತು. ತೋಳು ಹಿಡಿದಳು, ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಏಳು ಸಲ. ಶ್ರೀರಾಮುಲು ಒಂದೊಂದು ಸಲಕ್ಕೂ ತಲೆಯಾಡಿಸುತ್ತಾ ನಿಂತಿದ್ದ. ಅವನ ಮುಖದಲ್ಲಿ ಮಗಳ ಮದುವೆ ಗೊತ್ತಾದವನ ನೆಮ್ಮದಿ ಇತ್ತು.

ಕುರ್ಚಿಯನ್ನು ಮಡಿಚಿ, ಒಂದು ತುದಿ ತಾನು, ಒಂದು ತುದಿ ರಾಮಕ್ಕ ಹಿಡಿದು, ಬಜಾರಿನ ನಡುವೆ ಮೆರವಣಿಗೆಯಲ್ಲಿ ತಂದರು. ನಡುಮನೆಗೆ ಬಂದು, ಅಳತೆ ಮಾಡಿದ ಜಾಗದಲ್ಲಿ ಕುರ್ಚಿ ಬಿಡಿಸಲು ಹೋದ ಬನಶಂಕರಮ್ಮ ಅಲ್ಲೇ ನಿಂತುಬಿಟ್ಟಳು.

ಆ ಜಾಗದಲ್ಲಿ ಹಾಸು ಇತ್ತು.

ಮಗ್ಗ ಎಂದರೆ ಕುಣಿಯೂ ಕಂಬವೂ ಮಾತ್ರವಲ್ಲ. ಮಗ್ಗದಿಂದ ಹೊರಟ ಸಾವಿರಾರು ಎಳೆಗಳ ಹಾಸು ಮೊಣಕಾಲೆತ್ತರದಲ್ಲಿ ನಡುಮನೆಯ ಉದ್ದಕ್ಕೂ ಹೋಗಿ, ಎದುರು ಗೋಡೆಯ ಬುಡದಲ್ಲಿ ನೆಟ್ಟ ಗೂಟಕ್ಕೆ ಬಿಗಿದುಕೊಳ್ಳುತ್ತದೆ. ಅಳತೆ ಮಾಡಿದ್ದು ಅಮಾವಾಸ್ಯೆಯ ದಿನ, ಹಾಸು ಬಿಚ್ಚಿದ್ದಾಗ. ಮರುದಿನವೇ ಹೊಸ ಹಾಸು ಏರಿತ್ತು. ಆಮೇಲೆ ಮೂರು ವಾರ ಬನಶಂಕರಮ್ಮ ಅದನ್ನು ದಿನಕ್ಕೆ ಇಪ್ಪತ್ತು ಸಲ ಬಳಸಿಕೊಂಡು ಓಡಾಡಿದ್ದಳು. ಓಬಳೇಶಪ್ಪ ಅದರ ಮೇಲೆಯೇ ಎರಡು ಸೀರೆ ನೇಯ್ದಿದ್ದ. ರಾಮಕ್ಕ ಅದರ ಆಚೆ ನಿಂತು ಕುರ್ಚಿಯ ಸುದ್ದಿ ಕೇಳಿದ್ದಳು. ಯಾರಿಗೂ ಅದು ಜಾಗ ಹಿಡಿದ ವಸ್ತು ಎಂದು ಅನ್ನಿಸಿರಲಿಲ್ಲ. ಮನೆಯೊಳಗಿನ ಗಾಳಿಯನ್ನು ಯಾರು ಅಳೆಯುತ್ತಾರೆ? ಬೇರೆ ಯಾವ ಕಸುಬಿನವರು ಬಂದಿದ್ದರೂ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಮೂರು ನೇಕಾರ ತಲೆಗಳು ಕೇಳದೆ ಬಿಟ್ಟಿದ್ದವು.

ಕುರ್ಚಿ ಇಟ್ಟರೆ ಹಾಸು ಕೂತವಳ ತೊಡೆಯ ಮೇಲೆ ಹಾಯುತ್ತಿತ್ತು. ಹಾಸಿಗೂ ಹಾಸಿಗೆಗೂ ಜಗಳ ಹತ್ತಿದ್ದು ಹೀಗೆ.

"ಈಗೇನು ಮಾಡ್ತೀಯ?" ಎಂದ ಓಬಳೇಶಪ್ಪ ಕುಣಿಯ ದಡದಿಂದ.

"ಗೂಟ ಕೀಳಿ."

ಓಬಳೇಶಪ್ಪ ಲಾಳಿ ಕೆಳಗಿಟ್ಟ. "ಆ ಗೂಟ ನಮ್ಮಪ್ಪ ನೆಟ್ಟಿದ್ದು."

"ನಾನೂ ನಿಮ್ಮಪ್ಪ ತಂದಿದ್ದೇ."

"ಶುಕ್ರವಾರ ಶುಕ್ರವಾರ ಅರಿಸಿನ ಕುಂಕುಮ ಇಡ್ತೀವಿ ಅದಕ್ಕೆ."

"ನಾನೇ ತಾನೇ ಇಡೋದು? ಇನ್ನೊಂದು ಕಡೆ ನೆಟ್ರೆ ಅಲ್ಲೇ ಇಡ್ತೀನಿ."

"ಮಡಿಚಿ ಗೋಡೆಗೆ ತೂಗುಹಾಕು. ಹಬ್ಬಕ್ಕೆ ತೆಗಿಯಾಣ. ಇಲ್ಲ ಅಂದ್ರೆ ಅಮಾವಾಸ್ಯೆಗೊಂದ್ಸಲ ಕೂತ್ಕ."

"ನನ್ನ ಬೆನ್ನು ಅಮಾವಾಸ್ಯೆಗೊಂದ್ಸಲ ನೋಯಲ್ಲ."

ಆಮೇಲೆ ಅವಳು ಜಗಳ ಮುಂದುವರಿಸಲಿಲ್ಲ. ಓಬಳೇಶಪ್ಪ ಗೆದ್ದೆನೆಂದುಕೊಂಡು ಲಾಳಿ ಎತ್ತಿಕೊಂಡ. ಬನಶಂಕರಮ್ಮ ಕುರ್ಚಿಯನ್ನು ಹೊರಗೆ ಬೀದಿಯ ಜಗಲಿಗೆ ತೆಗೆದುಕೊಂಡು ಹೋಗಿ, ನಡುವಣ ಕಚ್ಚಿಗೆ ಕೋಲು ಕೂರಿಸಿ, ಒರಗಿದಳು. ಅಡಿಗೆ ಹೊತ್ತಿಗೆ ಎದ್ದು ಅಡಿಗೆ ಮಾಡಿದಳು, ನೀರು ತಂದಳು, ಕಸ ಗುಡಿಸಿದಳು. ರಾಟೆ ಮಾತ್ರ ಮುಟ್ಟಲಿಲ್ಲ.

ಮೊದಲ ದಿನ ಬುಟ್ಟಿಯಲ್ಲಿ ಉಳಿದಿದ್ದ ಕಂಡಿಕೆಗಳಿಂದ ಮಗ್ಗ ಆಡಿತು. ಎರಡನೆಯ ದಿನ ಮಧ್ಯಾಹ್ನಕ್ಕೆ ಬುಟ್ಟಿ ಖಾಲಿಯಾಯಿತು. ಓಬಳೇಶಪ್ಪ ತಾನೇ ರಾಟೆಯ ಹಿಂದೆ ಕೂತ. ಅವನು ಸುತ್ತಿದ ಕಂಡಿಕೆ ಹೊಟ್ಟೆ ಉಬ್ಬಿದ ಮೂಲಂಗಿಯಂತಾಗಿ, ಲಾಳಿಯೊಳಗೆ ಹೋಗದೆ, ಹೋದದ್ದು ಹೊರಬರದೆ, ಅರ್ಧ ಗಂಟೆಯಲ್ಲಿ ಅವನ ಸೊಂಟ ಹಿಡಿದುಕೊಂಡಿತು. ಹಿತ್ತಲ ಕಡೆಯಿಂದ ರಾಮಕ್ಕನನ್ನು ಕೇಳಿ ನೋಡಿದ.

"ಒಂದು ಹತ್ತು ಕಂಡಿಕೆ ಇದ್ರೆ ಕೊಡಮ್ಮ. ಸೆರಗು ಅರ್ಧಕ್ಕೆ ನಿಂತೈತೆ."

"ನಮ್ಮನೆ ಕಂಡಿಕೆ ನಮ್ಮನೇಗೇ ಸಾಲ್ದು ಕಣಣ್ಣ" ಎಂದು ರಾಮಕ್ಕ ಗೋಡೆಯಾಚೆ ತಲೆ ತಗ್ಗಿಸಿದಳು. ಅವಳ ಬುಟ್ಟಿ ತುಂಬಿ ತುಳುಕುತ್ತಿದ್ದುದು ಗೋಡೆಯಾಚೆಗೂ ಕಾಣುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಮಗ್ಗ ನಿಂತಿತು.

ನೇಕಾರರ ಬೀದಿಯಲ್ಲಿ ಮಗ್ಗದ ಸದ್ದು ಉಸಿರಿದ್ದಂತೆ. ಇರುವಾಗ ಕೇಳಿಸುವುದಿಲ್ಲ, ನಿಂತರೆ ತಟ್ಟನೆ ಕಿವಿಗೆ ಬೀಳುತ್ತದೆ. ಅಲ್ಲಿ ಮಗ್ಗ ನಿಲ್ಲುವುದು ಎರಡೇ ಕಾರಣಕ್ಕೆ. ಒಂದು ಅಮಾವಾಸ್ಯೆ, ಇನ್ನೊಂದು ಸಾವು. ಅಂದು ಅಮಾವಾಸ್ಯೆಯಲ್ಲ. ಹತ್ತು ಗಂಟೆಯ ಹೊತ್ತಿಗೆ ಆಚೆ ಸಾಲಿನಿಂದ ನಾಲ್ಕು ಜನ ಗಂಡಸರು ತಲೆಗೆ ಟವಲು ಹೊದ್ದು, ಮೆಲ್ಲಗೆ ಹೆಜ್ಜೆಯಿಡುತ್ತಾ ಬಂದರು. ಬಂದು ನೋಡಿದರೆ ಜಗಲಿಯ ಮೇಲೆ ಬನಶಂಕರಮ್ಮ ಕುರ್ಚಿಯಲ್ಲಿ ಒರಗಿ, ಕೈ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂತಿದ್ದಾಳೆ. ತೀರಿಕೊಂಡವರನ್ನು ಜಗಲಿಯ ಮೇಲೆ 'ಕೂರಿಸುವುದು' ಆ ಬೀದಿಯ ಪದ್ಧತಿ. ಗಂಡಸರು ಟವಲು ಬಾಯಿಗೆ ಒತ್ತಿಕೊಂಡು ನಿಂತರು. ಅವರು ನಿಂತದ್ದನ್ನು ನೋಡಿ, ಅವರಲ್ಲೊಬ್ಬನಾದ ಈರಲಿಂಗಪ್ಪನ ಹೆಂಡತಿ ಮುನೆಮ್ಮ ಓಡಿಬಂದಳು. ಅವಳನ್ನು ನೋಡಿ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ರಾಮಕ್ಕ ಒದ್ದೆ ಕೈಯಲ್ಲೇ ಬಂದು, ಒಂದು ಸಲ ನೋಡಿ, ನೆಲಕ್ಕೆ ಕೂತು ರಾಗ ತೆಗೆದಳು.

"ಅಯ್ಯೋ ನನ್ನಕ್ಕ, ಒಂದು ಮಾತು ಹೇಳ್ದಂಗೆ ಹೊಂಟ್ಬುಟ್ಟೆಯಾ, ಆಸೆಪಟ್ಟು ತಂದ ಕುರ್ಚೀಲಿ ಮೂರು ದಿನ ಕೂತ್ಕಳ್ಳೋ ಭಾಗ್ಯ..."

ಒಳಗೆ ಓಬಳೇಶಪ್ಪ ಕುಣಿಯಿಂದ ಹೇಗೆ ಮೇಲೆ ಬಂದನೋ ಅವನಿಗೂ ಗೊತ್ತಾಗಲಿಲ್ಲ. ದಾರಿಯಲ್ಲಿ ಅಡ್ಡಬಂದ ಹಾಸನ್ನು ಮೊಣಕಾಲು ತಾಗಿ ಹತ್ತು ಹನ್ನೆರಡು ಎಳೆ ಟಪಟಪ ಕಡಿದವು. ಜನ್ಮದಲ್ಲಿ ಅವನು ಒಂದು ಎಳೆ ತುಳಿದವನಲ್ಲ. ಹೊಸ್ತಿಲಲ್ಲಿ ಬಂದು ನಿಂತಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

ಬನಶಂಕರಮ್ಮ ಒಂದು ಕಣ್ಣು ತೆರೆದಳು.

"ಯಾರು ಹೋದ್ರೇ ರಾಮಕ್ಕ?"

ರಾಮಕ್ಕನ ರಾಗ ಅರ್ಧಕ್ಕೆ ನಿಂತಿತು. ಗಂಡಸರು ಟವಲನ್ನು ಬಾಯಿಂದ ತೆಗೆಯಲಿಲ್ಲ. ಈಗ ಅದಕ್ಕೆ ಬೇರೆ ಕಾರಣವಿತ್ತು. ಈರಲಿಂಗಪ್ಪ ಓಬಳೇಶಪ್ಪನ ಕಡೆ ತಿರುಗಿ, "ಮತ್ತೆ ಮಗ್ಗ ಯಾಕೆ ನಿಂತೈತಪ್ಪ? ಯಾರಿಗೇನಾಯ್ತು?" ಅಂದ.

"ಯಾರಿಗೂ ಏನೂ ಆಗಿಲ್ಲ" ಅಂದ ಓಬಳೇಶಪ್ಪ. "ಕುರ್ಚಿ."

ಎಲ್ಲರೂ ಹೋದ ಮೇಲೆ ಅವನು ಹೊಸ್ತಿಲ ಮೇಲೆ ಬಹಳ ಹೊತ್ತು ಕೂತಿದ್ದ. ಹೆಂಡತಿಯನ್ನು ನೋಡಲಿಲ್ಲ, ಕುರ್ಚಿಯನ್ನು ನೋಡಿದ. ಆಮೇಲೆ ಒಳಗೆ ಹೋದ. ಹಾರೆಯ ಸದ್ದು ಕೇಳಿಬರುತ್ತದೆಂದು ಬನಶಂಕರಮ್ಮ ಕಾದಳು, ಬರಲಿಲ್ಲ. ಎದ್ದು ಬಾಗಿಲಲ್ಲಿ ಇಣುಕಿದಳು. ಓಬಳೇಶಪ್ಪ ಮಂಚವನ್ನು ಎಳೆದು, ಅದರ ಮೇಲೆ ನಿಂತು, ತೊಲೆಗೆ ಹಗ್ಗ ಹಾಯಿಸುತ್ತಿದ್ದ. ಅಪ್ಪ ನೆಟ್ಟ ಗೂಟವನ್ನು ಕೀಳಲು ಅವನಿಗೆ ಕೈ ಬಂದಿರಲಿಲ್ಲ. ಹಾಸನ್ನು ಗೂಟದಿಂದ ಬಿಚ್ಚಿ, ಉಂಡೆ ಸುತ್ತಿ, ಮಗ್ಗದಿಂದ ಎರಡು ಮೊಳ ದೂರದಲ್ಲೇ ಮೇಲಕ್ಕೆತ್ತಿ, ತೊಲೆಗೆ ತೂಗುಬಿಡುತ್ತಿದ್ದ. ಇನ್ನು ಮೇಲೆ ಒಂದೊಂದು ಗೇಣು ನೇಯ್ದಾಗಲೂ ಅವನು ಕುಣಿಯಿಂದ ಎದ್ದು ಬಂದು ಹಗ್ಗ ಸಡಿಲಿಸಬೇಕು. ದಿನಕ್ಕೆ ಎಷ್ಟು ಸಲ ಏಳಬೇಕು ಎಂದು ಇಬ್ಬರೂ ಮನಸ್ಸಿನಲ್ಲೇ ಎಣಿಸಿಕೊಂಡರು.

"ಹಗ್ಗ ಹಿಡ್ಕ" ಅಂದ.

ಹಿಡಿದುಕೊಂಡಳು. ಹಾಸು ಮೇಲೇರಿತು. ಆಮೇಲೆ ಅವಳು ಕಡಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಿಕೊಟ್ಟಳು. ಅವನು ಕುರ್ಚಿಯನ್ನು ಜಗಲಿಯಿಂದ ತಂದು, ಕೆಂಪು ನೂಲಿನ ಅಳತೆಯ ಜಾಗದಲ್ಲಿ ಬಿಡಿಸಿಟ್ಟ. ಗೂಟ ಕುರ್ಚಿಯ ಬಲಗಡೆಗೆ, ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಉಳಿಯಿತು. ಬದುಕಿರುವಾಗ ಎದುರಿಗೆ ಒರಗಗೊಡದ ಮಾವ ನೆಟ್ಟ ಗೂಟವನ್ನು ಹಿಡಿದುಕೊಂಡೇ ಬನಶಂಕರಮ್ಮ ಕುರ್ಚಿಯಿಂದ ಏಳತೊಡಗಿದಳು. ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಇಡುವುದು ತಪ್ಪಲಿಲ್ಲ. ಅಂದು ಸಂಜೆಯೇ ರಾಟೆ ಮತ್ತೆ ತಿರುಗಿತು, ಮಗ್ಗ ಮತ್ತೆ ಆಡಿತು. ದಿನದ ಪಾಲು ಕಂಡಿಕೆ ಮುಗಿದ ಮೇಲೆ ಅವಳು ಕುರ್ಚಿಗೆ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ನೀರು ಕೊಡು ಎಂದು ಕೇಳುವ ಧೈರ್ಯ ಓಬಳೇಶಪ್ಪನಿಗೆ ಬರುತ್ತಿರಲಿಲ್ಲ. ಹೇಗೂ ಹಗ್ಗಕ್ಕೆಂದು ಏಳುವವನು ತಾನೇ ಕುಡಿದು ಬರುತ್ತಿದ್ದ.

ಸುದ್ದಿ ಬೀದಿಯಲ್ಲೆಲ್ಲ ಹರಡಿತು. ಗಂಡಸರಿಗೆ ಅದು ನಗೆಯಾಗಿತ್ತು, ಹೆಂಗಸರಿಗೆ ಅಲ್ಲ. ಒಂದೊಂದು ಮನೆಯಲ್ಲೂ ಒಂದೊಂದು ರಾಟೆ, ಒಂದೊಂದು ರಾಟೆಯ ಹಿಂದೆ ಒಂದೊಂದು ಬೆನ್ನು. ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ರಾಮಕ್ಕ, ಮುನೆಮ್ಮ, ಇನ್ನೂ ಐದಾರು ಜನ ಸೇರಿ ಬಂದು, ನಡುಮನೆಯಲ್ಲಿ ಕುರ್ಚಿಯ ಸುತ್ತ ಕೂತರು. ಬನಶಂಕರಮ್ಮ ಏನು ಹೇಳುತ್ತಾಳೋ ಅದರ ಮೇಲೆ ಆ ಬೀದಿಗೆ ಇನ್ನೆಷ್ಟು ಕುರ್ಚಿ ಬರಬೇಕು ಎಂಬುದು ನಿಂತಿತ್ತು. ಬಾಗಿಲಾಚೆ ಒಂದಿಬ್ಬರು ಗಂಡಂದಿರೂ ಏನೋ ಕೆಲಸವಿದ್ದವರಂತೆ ನಿಂತಿದ್ದರು. ಓಬಳೇಶಪ್ಪ ಲಾಳಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ, ತಲೆ ಎತ್ತದೆ, ಕಿವಿ ಮಾತ್ರ ಇತ್ತ ಕೊಟ್ಟ.

ರಾಮಕ್ಕ ಎಲ್ಲರ ಪರವಾಗಿ ಕೇಳಿದಳು.

"ನಿಜ ಹೇಳಕ್ಕ. ನಲವತ್ತು ವರ್ಷ ಆದ್ಮೇಲೆ ಈ ಮನೇಲಿ ನಿಂದು ಅಂತ ಒಂದು ಜಾಗ ಆಯ್ತು. ಅದ್ರಾಗೆ ಕೂತ್ಕಂಡ್ರೆ ಹೆಂಗಿರ್ತದೆ?"

ಬನಶಂಕರಮ್ಮ ತಲೆಯನ್ನು ಹಿಂದಕ್ಕೆ ಒರಗಿಸಿದಳು. ಕಾಲು ಚಾಚಿದಳು. ಎದುರಿಗೆ ಒಂದಷ್ಟು ಹೊತ್ತು ದಿಟ್ಟಿಸಿ ನೋಡಿದಳು.

"ಬೆನ್ನಿಗೇನೋ ಬೋ ಸುಖ ಕಣಮ್ಮ" ಅಂದಳು. "ಆದ್ರೆ ಇಲ್ಲಿಂದ ಕಾಣೋದು ನಮ್ಮನೆಯವರ ಬೋಳು ತಲೆ ಒಂದೇ."